ಎಂಜಿನ್ನಿನೊಳಗಿನ ನೀರುಗಂಟಿ

ರಾಯಚೂರಿನ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಹಳೆಯ ಪಿಕಪ್ ಗಾಡಿ ಬೇಸಿಗೆಯಲ್ಲಿ ವಿಪರೀತ ಬಿಸಿಯಾಗುತ್ತಿತ್ತು. ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ ಬಿಚ್ಚಿ ನನ್ನ ಕೈಗೇ ಕೊಟ್ಟುಬಿಟ್ಟ. ನಮ್ಮ ಬಿಸಿಲಿಗೆ ಇದು ಬೇಡ ಸಾರ್, ಇದೆಲ್ಲ ಚಳಿ ದೇಶದವರಿಗೆ ಅಂದ. ನೀವು ಅಮೆರಿಕದಲ್ಲಿ ಹಳೇ ಟ್ರಕ್ ಇಟ್ಟುಕೊಂಡು ರಿಪೇರಿ ಮಾಡ್ತಾ ಇರ್ತೀರಂತೆ. ಅವನು ಹೇಳಿದ್ದು ಸರಿಯೇ?"

ಸರಿಯಲ್ಲ. ಉತ್ತರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಆ ವಾಲ್ವಿನ ಹೊಟ್ಟೆಯಲ್ಲಿ ಏನಿದೆಯೆಂದು ಗೊತ್ತಾದ ದಿನದಿಂದ, ಯಾರಾದರೂ ಅದರ ಬಗ್ಗೆ ಕೇಳಲಿ ಎಂದೇ ಕಾದು ಕೂತಿದ್ದೇನೆ. ಈಗ ಸಿಕ್ಕಿದ್ದೀರಿ, ಬಿಡುವುದಿಲ್ಲ.

ಮೊದಲು ನನ್ನ ಟ್ರಕ್ಕಿನ ಪರಿಚಯ. 1993ರ ಟೊಯೋಟಾ ಪಿಕಪ್. ಬೇರೆ ದೇಶಗಳಲ್ಲಿ ಹೈಲಕ್ಸ್ ಎಂದು ಕರೆಸಿಕೊಳ್ಳುವ ಗಾಡಿಗೆ ಅಮೆರಿಕದಲ್ಲಿ ಆಗ ಹೆಸರೇ ಇರಲಿಲ್ಲ, ಬರೀ 'ಪಿಕಪ್'. ಒಳಗಿರುವುದು ನಾಲ್ಕು ಸಿಲಿಂಡರಿನ, 2366 ಸಿಸಿಯ 22ಆರ್‌ಇ ಎಂಜಿನ್. ಇದರ ಚಾಸಿ ನಂಬರ್ 4ರಿಂದ ಶುರುವಾಗುತ್ತದೆ. ಜಪಾನಿನಲ್ಲಿ ತಯಾರಾಗಿದ್ದರೆ 'ಜೆ' ಇರುತ್ತಿತ್ತು. ಇದು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ನಮ್ಮ ಊರು ಲಾಸ್ ಆಲ್ಟೋಸಿನಿಂದ ಕೊಲ್ಲಿಯ ಆಚೆ ದಡದಲ್ಲಿರುವ ಫ್ರೀಮಾಂಟಿನಲ್ಲಿ, ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಕೂಡಿ ನಡೆಸುತ್ತಿದ್ದ 'ನುಮ್ಮಿ' ಕಾರ್ಖಾನೆಯಲ್ಲಿ. 1984ರಲ್ಲಿ ಗಾಡಿ ತಯಾರಿಸಲು ಶುರುಮಾಡಿದ ಆ ಕಾರ್ಖಾನೆ 2010ರಲ್ಲಿ ಮುಚ್ಚಿತು. ಈಗ ಅದೇ ಜಾಗದಲ್ಲಿ ಟೆಸ್ಲಾ ಕಾರುಗಳು ತಯಾರಾಗುತ್ತವೆ. ನಮ್ಮ ಬೀದಿಯಲ್ಲಿ ಸದ್ದಿಲ್ಲದೆ ಹಾದುಹೋಗುವ ಎಷ್ಟೋ ಎಲೆಕ್ಟ್ರಿಕ್ ಕಾರುಗಳಿಗೂ ನನ್ನ ಮುದಿ ಟ್ರಕ್ಕಿಗೂ ತವರುಮನೆ ಒಂದೇ. ಅವು ಇದನ್ನು ಗುರುತು ಹಿಡಿದಂತೆ ತೋರುವುದಿಲ್ಲ.

ಹಳೆಯ ಗಾಡಿ ಬಿಚ್ಚುವ ಚಟಕ್ಕೆ ಲಾಸ್ ಆಲ್ಟೋಸ್ ತಕ್ಕ ಜಾಗವಲ್ಲ ಎಂದು ನಗುವವರಿಗೆ ನಾನು ಕೊಡುವ ಉತ್ತರ ಕ್ರಿಸ್ಟ್ ಡ್ರೈವ್ ಎಂಬ ರಸ್ತೆ. ಅಲ್ಲಿನ ಒಂದು ಮನೆಯ ಗ್ಯಾರೇಜು ಆಪಲ್ ಕಂಪನಿಯ ಹುಟ್ಟಿನ ಕತೆಯಲ್ಲಿ ಬರುತ್ತದೆ. 2013ರಲ್ಲಿ ಊರಿನವರು ಅದನ್ನು ಐತಿಹಾಸಿಕ ಸ್ಥಳವೆಂದು ಘೋಷಿಸಿದರು. ಕಂಪ್ಯೂಟರಿಗಿಂತ ಮುಂಚಿನ ಕತೆ ನನಗೆ ಇನ್ನೂ ಇಷ್ಟ. ಸ್ಟೀವ್ ಜಾಬ್ಸ್‌ನನ್ನು ಸಾಕಿದ ತಂದೆ ಪಾಲ್ ಜಾಬ್ಸ್‌ಗೆ ಹಳೆಯ ಕಾರು ಕೊಂಡು, ರಿಪೇರಿ ಮಾಡಿ, ಮಾರುವ ಹವ್ಯಾಸವಿತ್ತು. ಹಾಗಾಗಿ ಗ್ರೀಸು ಮೆತ್ತಿದ ಕೈ ಈ ಊರಿಗೆ ಹೊಸದಲ್ಲ.

ಕಳೆದ ಚಳಿಗಾಲದಲ್ಲಿ ನನ್ನ ಟ್ರಕ್ ಸ್ಮಾಗ್ ಚೆಕ್‌ನಲ್ಲಿ ಫೇಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ತೀರಾ ಹೊಸವನ್ನು ಬಿಟ್ಟು 1976ರಿಂದೀಚೆಗಿನ ಪೆಟ್ರೋಲ್ ಗಾಡಿಗಳಿಗೆ ಈ ಹೊಗೆ ಪರೀಕ್ಷೆ ತಪ್ಪಿದ್ದಲ್ಲ. ನನ್ನಂಥ ಹಳೆಯದನ್ನು ಉರುಳೆಗಳ ಮೇಲೆ ನಿಲ್ಲಿಸಿ, ಓಡಿಸುತ್ತಲೇ ಹೊಗೆ ಅಳೆಯುತ್ತಾರೆ. ಸುಡದೆ ಉಳಿದ ಪೆಟ್ರೋಲು ಹೊಗೆಯಲ್ಲಿ ಜಾಸ್ತಿ ಬರುತ್ತಿತ್ತು. ಮನೆಗೆ ಬರುವಾಗ ಗಮನಿಸಿದೆ: ಪೇಜ್ ಮಿಲ್ ರಸ್ತೆಯ ಏರು ಹತ್ತಿದರೂ ಟೆಂಪರೇಚರ್ ಮುಳ್ಳು ತಳದಿಂದ ಮೇಲೇಳುತ್ತಿಲ್ಲ, ಹೀಟರ್ ಹಾಕಿದರೆ ಉಗುರುಬೆಚ್ಚನೆಯ ಗಾಳಿ. ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚದೆ ಸಿಕ್ಕಿಕೊಂಡಿತ್ತು. ತಪ್ಪು ನನ್ನದೇ. ವರ್ಷಗಟ್ಟಲೆ ಕೂಲಂಟ್ ಬದಲಿಸದೆ ಒಳಗೆ ತುಕ್ಕು ಬೆಳೆಯಲು ಬಿಟ್ಟಿದ್ದೆ. ಅಂದರೆ ರಾಯಚೂರಿನ ಮೆಕ್ಯಾನಿಕ್ ಬೇಕೆಂದು ಮಾಡಿದ್ದನ್ನು ನನ್ನ ಟ್ರಕ್ ತಾನಾಗಿ ಮಾಡಿಕೊಂಡಿತ್ತು.

ಎಂಜಿನ್ನಿನ ಸುತ್ತ ನೀರು ಹರಿಯುತ್ತದೆ, ಅದರ ಬಿಸಿಯನ್ನು ರೇಡಿಯೇಟರ್ ಗಾಳಿಗೆ ಕೊಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, ಬಿಸಿಯಾದ ಮೇಲೆ ದಾರಿ ಬಿಡುವುದೇ ಥರ್ಮೋಸ್ಟಾಟ್. ನಮ್ಮ ತುಮಕೂರು ಕಡೆ ಕೆರೆಯ ತೂಬು ಕಾಯಲು ನೀರುಗಂಟಿ ಎಂಬ ಮನುಷ್ಯ ಇರುತ್ತಿದ್ದ. ಯಾವ ಗದ್ದೆಗೆ ಎಷ್ಟು, ಯಾವಾಗ ಎಂದು ನೋಡಿ ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ಥರ್ಮೋಸ್ಟಾಟ್ ಎಂಜಿನ್ನಿನ ನೀರುಗಂಟಿ. ಇದಕ್ಕೆ ಕಣ್ಣಿಲ್ಲ, ವೈರಿಲ್ಲ, ಬ್ಯಾಟರಿಯಿಲ್ಲ, ಕಂಪ್ಯೂಟರಿಲ್ಲ. ಹಾಗಾದರೆ 88 ಡಿಗ್ರಿ ಆಯಿತೆಂದು ಇದಕ್ಕೆ ತಿಳಿಯುವುದು ಹೇಗೆ?

ಮೇಣದಿಂದ!

ಅಂಗೈಯೊಳಗೆ ಹಿಡಿಯುವ ಈ ಸಾಮಾನಿನ ನಡುವೆ ಹಿತ್ತಾಳೆಯ ಪುಟ್ಟ ಡಬ್ಬಿಯಿದೆ. ಅದರ ತುಂಬ ಮೇಣ. ಬಿಸಿ ಬೇಗ ಹರಡಲೆಂದು ಮೇಣಕ್ಕೆ ತಾಮ್ರದ ಪುಡಿ ಬೆರೆಸಿರುತ್ತಾರೆ. ಮೇಣದ ನಡುವೆ ರಬ್ಬರಿನ ಕವಚ, ಕವಚದೊಳಗೆ ನುಣುಪಾದ ಉಕ್ಕಿನ ಕಡ್ಡಿ. ಮೇಣ ಕರಗುವಾಗ ಉಬ್ಬುತ್ತದೆ. ಡಬ್ಬಿ ಗಟ್ಟಿ, ಉಬ್ಬಲು ಜಾಗವಿಲ್ಲ. ಆದ್ದರಿಂದ ರಬ್ಬರನ್ನು ಹಿಂಡುತ್ತದೆ. ಒದ್ದೆ ಬೆರಳಿನ ನಡುವಿನ ಹುಣಸೆಬೀಜದಂತೆ ಕಡ್ಡಿ ಹೊರಕ್ಕೆ ಜಾರುತ್ತದೆ, ಸ್ಪ್ರಿಂಗನ್ನು ಮೀರಿ ಬಾಗಿಲು ತೆರೆಯುತ್ತದೆ. ಮೇಣ ತಣಿದು ಕುಗ್ಗಿದರೆ ಅದೇ ಸ್ಪ್ರಿಂಗು ಬಾಗಿಲನ್ನು ಮತ್ತೆ ಮುಚ್ಚುತ್ತದೆ.

ಕರಗಿದರೆ ಉಬ್ಬುವುದೇನು ಮಹಾ ಎನ್ನಬೇಡಿ. ತುಪ್ಪದ ಡಬ್ಬಿ ನೋಡಿದ್ದೀರಲ್ಲ? ಕಾಸಿ ಸುರಿದಾಗ ಮಟ್ಟಸವಾಗಿದ್ದ ತುಪ್ಪ ಬೆಳಿಗ್ಗೆ ಗಟ್ಟಿಯಾಗುವಷ್ಟರಲ್ಲಿ ನಡುವೆ ಗುಳಿ ಬಿದ್ದಿರುತ್ತದೆ. ಗಟ್ಟಿಯಾಗುವಾಗ ಅದು ಕುಗ್ಗಿದ್ದಕ್ಕೆ ಗುಳಿಯೇ ಸಾಕ್ಷಿ. ಗಟ್ಟಿ ತುಪ್ಪದ ಉಂಡೆ ಕರಗಿದ ತುಪ್ಪದಲ್ಲಿ ಮುಳುಗುವುದೂ ಅದಕ್ಕೇ. ನೀರಿನದು ಉಲ್ಟಾ ಸ್ವಭಾವ: ಗಟ್ಟಿಯಾದರೆ ಉಬ್ಬುತ್ತದೆ, ಮಂಜುಗಡ್ಡೆ ತೇಲುತ್ತದೆ. ಮೇಣ ತುಪ್ಪದ ಜಾತಿಯದು, ಆದರೆ ಅದಕ್ಕಿಂತ ಉತ್ಸಾಹಿ. ಕರಗುವಾಗ ನೂರಕ್ಕೆ 10-15ರಷ್ಟು ಹಿಗ್ಗಬಲ್ಲದು. ಮನೆಗಳಲ್ಲಿ ದಿನಾ ಕಾಣುವ ಆ ಗುಳಿಯನ್ನು ಯಾರೋ ಒಬ್ಬರು ಎಂಜಿನ್ನಿಗೆ ತಂದು ದುಡಿಸಿದರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ. ಆ ಒಬ್ಬರು ಸರ್ಜಿಯಸ್ ವರ್ನೆ, ವರ್ಷ 1934. ಅದಕ್ಕೆ ಮುಂಚೆ ಬೇಗ ಆವಿಯಾಗುವ ದ್ರವ ತುಂಬಿದ ಲೋಹದ ತಿದಿಯೊಂದು ಈ ಕೆಲಸ ಮಾಡುತ್ತಿತ್ತು. ಅದರ ತೊಂದರೆಯೆಂದರೆ ನೀರಿನ ಒತ್ತಡ ಏರಿಳಿದರೆ ತಾನೂ ಹಿಗ್ಗಿ ಕುಗ್ಗಿ ಲೆಕ್ಕ ತಪ್ಪುತ್ತಿತ್ತು. ಮೇಣಕ್ಕೆ ಹೊರಗಿನ ಒತ್ತಡದ ಗೊಡವೆಯಿಲ್ಲ, ಬಿಸಿಯೊಂದೇ ಅದಕ್ಕೆ ತಿಳಿಯುವ ಭಾಷೆ.

ಇನ್ನೊಂದು ಸೊಗಸು ಕೇಳಿ. ಪೆಟ್ರೋಲೂ ಈ ಮೇಣವೂ ಒಂದೇ ಕಚ್ಚಾ ತೈಲದ ಮಕ್ಕಳು. ಇಂಗಾಲದ ಪರಮಾಣುಗಳ ಸರಪಳಿ ಚಿಕ್ಕದಾಗಿದ್ದರೆ ಪೆಟ್ರೋಲು, ಉದ್ದವಾದಂತೆ ಮೇಣ. ಸರಪಳಿ ಉದ್ದವಾದಷ್ಟೂ ಕರಗುವ ಬಿಸಿ ಹೆಚ್ಚು. ಯಾವ ಉದ್ದದ ಸರಪಳಿಗಳನ್ನು ಆರಿಸಿ ಬೆರೆಸುತ್ತೀರೋ ಅದರ ಮೇಲೆ 82ಕ್ಕೆ ತೆರೆಯುವ ವಾಲ್ವ್ ಬೇಕೋ 88ಕ್ಕೆ ತೆರೆಯುವುದು ಬೇಕೋ ನಿರ್ಧಾರವಾಗುತ್ತದೆ. ಸಿಲಿಂಡರಿನೊಳಗೆ ತಮ್ಮ ಉರಿಯುತ್ತಿದ್ದರೆ ಪಕ್ಕದಲ್ಲೇ ಅಣ್ಣ ಕೂತು ಬಿಸಿ ನೋಡಿಕೊಳ್ಳುತ್ತಿದ್ದಾನೆ.

ಹೊಸ ಥರ್ಮೋಸ್ಟಾಟ್ ತಂದಾಗ ಅದನ್ನು ಹಾಕುವ ಮೊದಲು ಪರೀಕ್ಷೆ ಮಾಡಲೇಬೇಕೆನಿಸಿತು. ದಾರಕ್ಕೆ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ನಿಂತೆ. "ಹಾಲು ಕಾಸೋ ಪಾತ್ರೆ ಮುಟ್ಟಿದ್ರೆ ನೋಡಿ" ಎಂದು ಹೆಂಡತಿ ಮೊದಲೇ ಹೇಳಿದ್ದರಿಂದ ಗುಜರಿಗೆ ಹಾಕಲಿದ್ದ ಪಾತ್ರೆಯೇ ಸಿಕ್ಕಿದ್ದು. ಅವಳ ಮಾತು ಸರಿಯೇ. ಹೊಸದರಲ್ಲಿ ಇರದಿದ್ದರೂ, ಹಳೆಯ ಥರ್ಮೋಸ್ಟಾಟಿಗೆ ಅಂಟಿರುವ ಕೂಲಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ವಿಷವಿರುತ್ತದೆ. ರುಚಿ ಸಿಹಿಯಾದ್ದರಿಂದ ನಾಯಿಗಳು ನೆಕ್ಕಿ ಸಾಯುತ್ತವೆ. ಅದನ್ನು ಚರಂಡಿಗೂ ಸುರಿಯಬಾರದು. ಇರಲಿ. 80 ಡಿಗ್ರಿ, ಏನೂ ಇಲ್ಲ. 85, ಇಲ್ಲ. 88 ದಾಟುವಾಗ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಆಮೇಲೆ ನಿಧಾನವಾಗಿ, ಹೂವು ಅರಳಿದಂತೆ, ಬಾಯಿ ತೆರೆಯಿತು. ಒಲೆ ಆರಿಸಿದೆ, ಹಾಗೆಯೇ ಮುಚ್ಚಿಕೊಂಡಿತು. ಹೈಸ್ಕೂಲಿಗೆ ಹೋಗುವ ಮಗಳು ಫೋನಿನಿಂದ ತಲೆಯೆತ್ತಿ ಎರಡನೇ ಸಲ ಮಾಡಿ ತೋರಿಸು ಅಂದಳು. ಈ ಮನೆಯಲ್ಲಿ ವಿಜ್ಞಾನಕ್ಕೆ ಅದಕ್ಕಿಂತ ದೊಡ್ಡ ಬಿರುದು ಇಲ್ಲ.

ಆ ನಿಧಾನವೇ ಮುಖ್ಯ. ಅದು ಲೈಟ್ ಸ್ವಿಚ್ಚಿನಂತೆ ತೆರೆ-ಮುಚ್ಚು ಎಂಬ ಎರಡೇ ಸ್ಥಿತಿಯ ವಸ್ತುವಲ್ಲ. ಬಾಗಿಲು ಸ್ವಲ್ಪ ತೆರೆದರೆ ರೇಡಿಯೇಟರಿನ ತಣ್ಣನೆಯ ನೀರು ಎಂಜಿನ್ನಿಗೆ ಬರುತ್ತದೆ, ಮೇಣ ಸ್ವಲ್ಪ ಕುಗ್ಗುತ್ತದೆ. ಏರು ಬಂದರೆ ಮತ್ತೆ ಹಿಗ್ಗುತ್ತದೆ. ಗಾಡಿ ಓಡುವಷ್ಟು ಹೊತ್ತೂ ಅದು ಉಸಿರಾಡುತ್ತಿರುತ್ತದೆ.

ಈಗ ಮೆಕ್ಯಾನಿಕ್ಕನ ಮಾತಿಗೆ ಬರೋಣ. ನಾನು ಚಿಕ್ಕವನಿದ್ದಾಗ ನನ್ನ ಸೋದರಮಾವನ ಮೆಟಡೋರ್ ವ್ಯಾನಿಗೂ ಇದೇ ಚಿಕಿತ್ಸೆಯಾಗಿತ್ತು. ವಾಲ್ವ್ ಗುಜರಿ ಡಬ್ಬಿಗೆ, ಮಾವನ ಜೇಬಿನಿಂದ 50 ರೂಪಾಯಿ ಮೆಕ್ಯಾನಿಕ್ಕನ ಜೇಬಿಗೆ. ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇದರ ಬೇರು. ಆ ಬೇರೇ ಸುಳ್ಳು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ನಂಬುತ್ತೀರಾ? ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಒಂದಿಷ್ಟು ಪಿಸ್ಟನ್ ಪಕ್ಕದಿಂದ ನುಸುಳಿ ಎಂಜಿನ್ ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಮಾತ್ರ ಅದು ಆರಿಹೋಗುತ್ತದೆ. ಇಲ್ಲವಾದರೆ ಅಲ್ಲೇ ಉಳಿದು, ಆಮ್ಲ ಸೇರಿ, ಲೋಹ ತಿನ್ನುತ್ತದೆ. ನನ್ನ ಟ್ರಕ್ಕಿನ ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ನೊರೆ ಮೆತ್ತಿತ್ತು. ಜತೆಗೆ, ತಣ್ಣನೆಯ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು. ಅದಕ್ಕೇ ನಾನು ಹೊಗೆ ಪರೀಕ್ಷೆಯಲ್ಲಿ ಫೇಲಾದದ್ದು. ಈ ಲೆಕ್ಕ ಲಾಸ್ ಆಲ್ಟೋಸಿಗೂ ಅಷ್ಟೇ, ರಾಯಚೂರಿಗೂ ಅಷ್ಟೇ. ಎಂಜಿನ್ನಿಗೆ ಬೇಕಾದ್ದು 88 ಡಿಗ್ರಿ. ಹೊರಗೆ 8 ಇದ್ದರೇನು, 42 ಇದ್ದರೇನು?

ಇದಕ್ಕಿಂತ ತಮಾಷೆ ಇನ್ನೊಂದಿದೆ. ವಾಲ್ವ್ ಮುಚ್ಚಿರುವಾಗ ನೀರು ಎಂಜಿನ್ನಿನೊಳಗೇ ಸುತ್ತಲು ಬೈಪಾಸ್ ಎಂಬ ಕಿರುದಾರಿ ಇರುತ್ತದೆ. ಹಲವು ಎಂಜಿನ್ನುಗಳಲ್ಲಿ ವಾಲ್ವ್ ಪೂರ್ತಿ ತೆರೆದಾಗ ಅದರ ಬಾಲದ ತಟ್ಟೆ ಆ ಕಿರುದಾರಿಯನ್ನು ಮುಚ್ಚಿ, ಎಲ್ಲ ನೀರನ್ನೂ ರೇಡಿಯೇಟರಿಗೆ ಅಟ್ಟುತ್ತದೆ. ವಾಲ್ವೇ ಇಲ್ಲದಿದ್ದರೆ? ಕಿರುದಾರಿ ಸದಾ ತೆರೆದಿರುತ್ತದೆ. ಕಾದ ನೀರಿನಲ್ಲಿ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ವಾಪಸು ಬರುತ್ತದೆ. ಬೇಸಿಗೆಯ ಮಧ್ಯಾಹ್ನ, ಲೋಡು ತುಂಬಿ ಏರು ಹತ್ತುವಾಗ, ತಂಪಿಗೆಂದು ಮಾಡಿದ ಕೆಲಸವೇ ಬಿಸಿ ಹೆಚ್ಚಿಸುತ್ತದೆ. ಕೆಲವರು ನೀರು ಜೋರಾಗಿ ಓಡಿದರೆ ತಣಿಯಲು ಸಮಯ ಸಿಗುವುದಿಲ್ಲ ಎಂದು ಇದನ್ನು ವಿವರಿಸುತ್ತಾರೆ. ಅದೂ ತಪ್ಪು. ರೇಡಿಯೇಟರಿನಲ್ಲಿ ನೀರು ಇರುವ ಹೊತ್ತು ಕಡಿಮೆಯಾದಷ್ಟೂ ಅದು ಅಲ್ಲಿಗೆ ಬರುವ ಸರದಿಯೂ ಬೇಗ. ಅಪರಾಧಿ ವೇಗವಲ್ಲ, ಕಿರುದಾರಿ.

ಹಾಗಾದರೆ ನಿಮ್ಮ ಗಾಡಿ ಮೊದಲು ಬಿಸಿಯಾಗುತ್ತಿದ್ದದ್ದೇಕೆ? ವಾಲ್ವೇ ಮುಚ್ಚಿದಂತೆ ಸಿಕ್ಕಿಕೊಂಡಿತ್ತೇನೋ. ಹಾಗಿದ್ದರೆ ಹೊಸದು ಹಾಕಬೇಕಿತ್ತು. ನನಗೆ ಅನುಮಾನ ಬೋರ್‌ವೆಲ್ ನೀರಿನ ಮೇಲೆ. ಗಡಸು ನೀರು ಕಾದರೆ ಗೀಸರಿನಲ್ಲಿ ಕೂರುವ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೂ ಕೂಲಂಟನ್ನೂ ಸಮ ಬೆರೆಸಿ ಹಾಕಿದರೆ ಪದರವೂ ಕಟ್ಟದು, ತುಕ್ಕೂ ಹಿಡಿಯದು, ಕುದಿಯುವ ಬಿಸಿಯೂ ಮೇಲೇರುತ್ತದೆ. ಫ್ಯಾನು ನೋಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ನೋಡಿ, ಎಂಜಿನ್ ಪೂರ್ತಿ ಆರಿದ ಮೇಲೆ ಮಾತ್ರ.

ಇದನ್ನೆಲ್ಲ ನೋಡದೆ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಗಾಡಿಗೆ ದೃಷ್ಟಿ ತಾಗಿದೆ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಆಯುಧಪೂಜೆಗೆ ನಾನೂ ನನ್ನ ಟ್ರಕ್ಕಿಗೆ ಕುಂಕುಮ ಇಡುತ್ತೇನೆ. ದುಡಿಯುವ ಯಂತ್ರಕ್ಕೆ ವರ್ಷಕ್ಕೊಂದು ದಿನ ಕೈಮುಗಿಯುವುದು ಚೆಂದ. ಆದರೆ ಅಂದು ಬಾನೆಟ್ ಎತ್ತಿ ಕೂಲಂಟ್ ಮಟ್ಟವನ್ನೂ ನೋಡುವುದು ಪೂಜೆಯ ಭಾಗವೇ. ಮಂಗಳವಾರ ಎಂಜಿನ್ ಬಿಚ್ಚಬಾರದು ಎಂದು ಊರಿನಿಂದ ಫೋನಿನಲ್ಲಿ ಬುದ್ಧಿ ಹೇಳಿದವರಿದ್ದಾರೆ. ನಾನು ಬಿಚ್ಚಿದ್ದು ಮಂಗಳವಾರವೇ.

ಕೊನೆಗೆ ಒಂದು ಕಿವಿಮಾತು. ಹೊಸ ವಾಲ್ವ್ ತಂದಾಗ ಅದರ ಅಂಚಿನಲ್ಲಿ ಒಂದು ಪುಟ್ಟ ರಂಧ್ರ, ಅದರಲ್ಲಿ ಗಿಲಕಿಯಂತೆ ತೂಗಾಡುವ ಮೊಳೆ ಕಾಣಬಹುದು. ಸಡಿಲವಾಗಿದೆ ಎಂದು ಕೀಳಬೇಡಿ. ನೀರು ತುಂಬುವಾಗ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವ ದಾರಿ ಅದು. ನೀರು ನುಗ್ಗಿದರೆ ಮೊಳೆ ತಾನೇ ರಂಧ್ರ ಮುಚ್ಚುತ್ತದೆ. ಗಾಳಿ ಮೇಲಕ್ಕೇರುವುದರಿಂದ ಮೊಳೆ ಮೇಲಿರುವಂತೆ ಕೂರಿಸಬೇಕು. ಮೇಣದ ಡಬ್ಬಿಯ ಸುತ್ತ ಗಾಳಿ ನಿಂತರೆ ನೀರು ಕುದಿದರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ.

ವಾಲ್ವ್ ಹಾಕಿದ ಮಾರನೆಯ ವಾರ ನನ್ನ ಟ್ರಕ್ ಹೊಗೆ ಪರೀಕ್ಷೆಯಲ್ಲಿ ಪಾಸಾಯಿತು. ಮುಳ್ಳು ಈಗ ನಡುವಿಗಿಂತ ತುಸು ಕೆಳಗೆ ನಿಂತು ಅಲ್ಲಾಡುವುದಿಲ್ಲ. ನಿಮ್ಮ ಕೈಗೆ ಕೊಟ್ಟ ಹಳೆಯ ವಾಲ್ವನ್ನು ಎಸೆದಿಲ್ಲ ತಾನೇ? ಬೇಡದ ಪಾತ್ರೆಯೊಂದರಲ್ಲಿ ನೀರಿಟ್ಟು ಕಾಯಿಸಿ ನೋಡಿ. ತೆರೆದು ಮುಚ್ಚಿದರೆ ಅದನ್ನೇ ಹಾಕಿಸಿ, ಇಲ್ಲವಾದರೆ ಹೊಸದು ತನ್ನಿ. ಕೆರೆಯಲ್ಲಿ ನೀರು ಹೆಚ್ಚಾಯಿತೆಂದು ಯಾರೂ ನೀರುಗಂಟಿಯನ್ನು ಕೆಲಸದಿಂದ ತೆಗೆಯುವುದಿಲ್ಲ.