ವಾಸಗೃಹವಾದ ಉಳಿತಾಯದ ಗೋಪುರ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿ, ಲಾಂಗ್ ಐಲೆಂಡ್ ರೈಲುಮಾರ್ಗದ ನಿಲ್ದಾಣದ ಸಮೀಪದಲ್ಲಿಯೇ 512 ಅಡಿಗಳ ಔನ್ನತ್ಯದಿಂದ ವಿರಾಜಿಸುತ್ತಿರುವ ಗೋಪುರವು, 1851ರಲ್ಲಿ ಸ್ಥಾಪಿತವಾದ ವಿಲಿಯಮ್ಸ್‌ಬರ್ಗ್ ಉಳಿತಾಯ ಬ್ಯಾಂಕು 1929ರಲ್ಲಿ ಕಟ್ಟಿ ಮುಗಿಸಿದ ಕಾರ್ಯಾಲಯ; ಇಂದು ಅದರ ಮೇಲಂತಸ್ತುಗಳಲ್ಲಿ ಸಂಸಾರಗಳು ನೆಲೆಸಿವೆ.

ಹಾಲ್ಸಿ, ಮೆಕಾರ್ಮಕ್ ಮತ್ತು ಹೆಲ್ಮರ್ ಎಂಬ ವಾಸ್ತುಶಿಲ್ಪಿಗಳು ಇದಕ್ಕೆ ಬೈಜಾಂಟೈನ್ ಛಾಯೆಯ ರೋಮನೆಸ್ಕ್ ಶೈಲಿಯನ್ನು ಆರಿಸಿದರು. ನಯಗೊಳಿಸಿದ ಗ್ರಾನೈಟಿನ ಪೀಠ, ಅದರ ಮೇಲೆ ಸುಣ್ಣಶಿಲೆ, ಮತ್ತೂ ಮೇಲೆ ಇಟ್ಟಿಗೆ ಮತ್ತು ಟೆರಾಕೋಟಾ. 1916ರ ಕಟ್ಟಡ ನಿಯಮವು ವಿಧಿಸಿದಂತೆ ಮೇಲೇರಿದಷ್ಟೂ ಹಿಂಸರಿಯುವ ಮೈಕಟ್ಟು. ನಾಲ್ಕು ದಿಕ್ಕಿಗೂ ಒಂದೊಂದು ಗಡಿಯಾರ. ಶಿಖರದಲ್ಲಿ, 1875ರಲ್ಲಿ ಜಾರ್ಜ್ ಪೋಸ್ಟ್ ಇದೇ ಬ್ಯಾಂಕಿಗಾಗಿ ನಿರ್ಮಿಸಿದ ಹಳೆಯ ಭವನದ ಗುಮ್ಮಟವನ್ನು ನೆನಪಿಸುವ ಸ್ವರ್ಣವರ್ಣದ ಗುಮ್ಮಟ. ಠೇವಣಿಯಿಡಲು ಬರುವ ಸಾಮಾನ್ಯ ಜನಕ್ಕೆ ಮಿತವ್ಯಯದ ಮಹಿಮೆಯನ್ನು ತಿಳಿಸಲೆಂದು ಗೋಡೆಗಳಲ್ಲಿ ಜೇನುಗೂಡನ್ನೂ, ಕಾಯಿಗಳನ್ನು ಕೂಡಿಡುವ ಅಳಿಲನ್ನೂ, ತಿಜೋರಿಯನ್ನು ಕಾಯುವ ಸಿಂಹವನ್ನೂ ಕೆತ್ತಿದ ಶಿಲ್ಪಿಗಳು, ಕಳ್ಳರ ರೂಪಗಳನ್ನೂ ಬಿಡಲಿಲ್ಲ!

ಆದರೆ ಈ ಸೌಧದ ಹೃದಯವಿರುವುದು ಒಳಗಿನ ಸಭಾಂಗಣದಲ್ಲಿ. 63 ಅಡಿ ಎತ್ತರದ ಕಮಾನು ಛಾವಣಿಯ ಕೆಳಗೆ, ಅಮೃತಶಿಲೆಯ ನೆಲದ ಮೇಲೆ, ಬಂಗಾರದ ಹೊಳಪಿನ ಕುಸುರಿಚಿತ್ರಗಳ ನಡುವೆ ನಿಂತ ಗ್ರಾಹಕನಿಗೆ, ತಾನು ತಂದ ಅಲ್ಪಧನವೂ ಗೌರವಕ್ಕೆ ಪಾತ್ರವೆಂಬ ಭಾವ ಮೂಡದಿರಲು ಸಾಧ್ಯವೇ? ಚರ್ಚಿನ ಗಾಂಭೀರ್ಯವನ್ನು ಬ್ಯಾಂಕಿಗೆ ತಂದುದು ಅತಿಯಾಯಿತೆನ್ನುವವರುಂಟು. ಬಡವನ ಉಳಿತಾಯಕ್ಕೆ ಅಷ್ಟು ಘನತೆ ಸಲ್ಲತಕ್ಕುದೆಂದೇ ನನ್ನ ಅಭಿಪ್ರಾಯ.

ಕಟ್ಟಡ ಮುಗಿದೊಡನೆಯೇ ಆರ್ಥಿಕ ಮುಗ್ಗಟ್ಟು ಬಂದೊದಗಿದುದರಿಂದ, ಸುತ್ತಲೂ ಏಳಬೇಕಾಗಿದ್ದ ಇತರ ಗೋಪುರಗಳು ಏಳಲಿಲ್ಲ. ದಶಕಗಳ ಕಾಲ ಇದು ಏಕಾಕಿಯಾಗಿಯೇ ಉಳಿದು, ಮೇಲಿನ ಕೋಣೆಗಳು ಬಹುಮಟ್ಟಿಗೆ ದಂತವೈದ್ಯರ ಪಾಲಾದುವು. 1977ರಲ್ಲಿ ನಗರವು ಇದರ ಹೊರಮೈಯನ್ನೂ, 1996ರಲ್ಲಿ ಒಳಾಂಗಣವನ್ನೂ ಸಂರಕ್ಷಿತವೆಂದು ಘೋಷಿಸಿತು. 2005ರಲ್ಲಿ ಕಟ್ಟಡವು ಮಾರಾಟವಾದ ಬಳಿಕ ಪರಿವರ್ತನೆಗೆ ಕೈಹಚ್ಚಿದವರಿಗೆ ಗೋಪುರದ ಕೃಶಕಾಯವೇ ನೆರವಾಯಿತು: ವಿಸ್ತಾರವಾದ ಕಚೇರಿಗಳಲ್ಲಿ ನಡುಭಾಗವು ಕತ್ತಲಾಗುವುದು, ಇಲ್ಲಿಯಾದರೋ ಕಿರಿದಾದ ಅಂತಸ್ತುಗಳ ಸುತ್ತಲೂ ಕಿಟಕಿಗಳಿದ್ದು, ಗಾಳಿಬೆಳಕುಗಳು ವಾಸದ ಕೋಣೆಗಳಿಗೆ ಸಹಜವಾಗಿಯೇ ಲಭಿಸಿದುವು.

ಸಭಾಂಗಣವನ್ನು ಮಾತ್ರ ಮನೆಗಳಾಗಿ ಸೀಳಲಿಲ್ಲ. ಸಮಾರಂಭಗಳಿಗೆ ಅದನ್ನು ಬಾಡಿಗೆಗೆ ಕೊಟ್ಟರು. ಕೆಲವು ಚಳಿಗಾಲ ಬ್ರೂಕ್ಲಿನ್ ಫ್ಲೀ ಎಂಬ ಸಂತೆಯೂ ಅಲ್ಲಿ ನೆರೆಯಿತು. ಈ ಎರಡರಲ್ಲಿ ಸಂತೆಯೇ ನನಗೆ ಹೆಚ್ಚು ಉಚಿತವಾಗಿ ತೋರುತ್ತದೆ. ಏಕೆಂದರೆ ಆಹ್ವಾನಪತ್ರಿಕೆಯಿಲ್ಲದ ದಾರಿಹೋಕನೂ ಅಂದು ಒಳಹೊಕ್ಕು ಆ ಛಾವಣಿಯನ್ನು ನೋಡಬಹುದಾಗಿತ್ತು.