ಕರುಳಿನ ಕಾಯಿಲೆಗೆ ಉಸಿರಿನ ಪರೀಕ್ಷೆ

ರಕ್ತಭೇದಿ, ಹೊಟ್ಟೆನೋವೆಂದು ಚಿಕಿತ್ಸೆ ಪಡೆಯುತ್ತಿರುವ ಮಗನ ಬಾಯಿಗೆ ವೈದ್ಯರು ಕೊಳವೆಯಿಟ್ಟು ‘ಜೋರಾಗಿ ಊದು’ ಎಂದರೆ ಹೆತ್ತವರಿಗೆ ಗಲಿಬಿಲಿಯಾಗುವುದು ಸಹಜ. ಎಲ್ಲಿಯ ಕರುಳು, ಎಲ್ಲಿಯ ಶ್ವಾಸಕೋಶ!

ನಂಟು ಗರ್ಭದಲ್ಲೇ ಇದೆ. ಭ್ರೂಣದ ಜೀರ್ಣನಾಳದ ಮುಂಭಾಗದಿಂದಲೇ ಶ್ವಾಸನಾಳ ಕವಲೊಡೆಯುತ್ತದೆ. ಹೆಚ್ಚಾಗಿ ಹರೆಯದಲ್ಲಿ ಕಾಣಿಸಿಕೊಳ್ಳುವ ಕ್ರೋನ್ಸ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್‌ಗಳು ಕೀಲು, ಕಣ್ಣು, ಚರ್ಮವನ್ನೂ ಕಾಡುತ್ತವೆ. 1976ರಲ್ಲಿ ಅಮೆರಿಕದ ಕ್ರಾಫ್ಟ್ ಮತ್ತು ಸಂಗಡಿಗರು ಇಂಥ ಆರು ರೋಗಿಗಳಲ್ಲಿ ಕಾರಣ ತಿಳಿಯದ ಕಫದ ಕೆಮ್ಮನ್ನು ವರದಿ ಮಾಡಿದ ಮೇಲೆ ವೈದ್ಯರ ಗಮನ ಎದೆಯತ್ತ ಹರಿಯಿತು.

ಊದುವ ಯಂತ್ರ ಸ್ಪೈರೋಮೀಟರ್. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಅದನ್ನು ಬಳಕೆಗೆ ತಂದ. ಎದೆತುಂಬ ಉಸಿರೆಳೆದು ಒಂದೇ ಸಮನೆ ಊದಬೇಕು, ಮೂರು ಬಾರಿಯಾದರೂ. ಆರೋಗ್ಯವಂತ ತರುಣ ಮುಕ್ಕಾಲಕ್ಕಿಂತ ಹೆಚ್ಚು ಗಾಳಿಯನ್ನು ಮೊದಲ ಸೆಕೆಂಡಿನಲ್ಲೇ ಹೊರಹಾಕುತ್ತಾನೆ. ಶ್ವಾಸನಾಳ ಊದಿಕೊಂಡಿದ್ದರೆ ಈ ಪಾಲು ಇಳಿಯುತ್ತದೆ.

ಇನ್ನೊಂದು ಪರೀಕ್ಷೆ ಮತ್ತಷ್ಟು ಸೂಕ್ಷ್ಮ. ಅತ್ಯಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿಯನ್ನು (ಗಾಬರಿ ಬೇಡ, ಆ ಪ್ರಮಾಣ ನಿರಪಾಯ) ಸುಮಾರು 10 ಸೆಕೆಂಡು ಹಿಡಿದಿಟ್ಟರೆ, ಅನಿಲ ರಕ್ತಕ್ಕೆ ಎಷ್ಟು ದಾಟಿತೆಂದು ತಿಳಿಯುತ್ತದೆ. ಕೆಮ್ಮು, ದಮ್ಮು ಇಲ್ಲದ ರೋಗಿಗಳಲ್ಲೂ ಈ ಅಂಕಿ ತಗ್ಗಿರುವುದುಂಟು. ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಕುಸಿದಿದ್ದರೂ ಅದು ತಗ್ಗುತ್ತದೆ. ಆದ್ದರಿಂದ ಜೊತೆಗೇ ರಕ್ತ ಪರೀಕ್ಷೆಯೂ ಬೇಕು.

ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಆದರೆ ವಾರಗಟ್ಟಲೆ ಬಿಡದ ಕೆಮ್ಮಿಗೆ ಅಂಗಡಿಯ ಸಿರಪ್ ಕುಡಿಸಿ ಸುಮ್ಮನಿರುವುದು ತಪ್ಪು. ಸಲ್ಫಾಸಲಜಿನ್, ಮೆಥೋಟ್ರೆಕ್ಸೇಟ್‌ನಂಥ ಔಷಧಗಳೂ ಅಪರೂಪಕ್ಕೆ ಶ್ವಾಸಕೋಶವನ್ನು ಕೆಡಿಸುತ್ತವೆ. ನಮ್ಮಲ್ಲಿ ಕ್ಷಯದ ಶಂಕೆಯೂ ಇದ್ದೇ ಇದೆ. ದೊಡ್ಡ ಕರುಳನ್ನೇ ತೆಗೆಸಿಕೊಂಡವರಲ್ಲಿ ಆಮೇಲೆ ಎದೆಯ ತೊಂದರೆ ಶುರುವಾದದ್ದೂ ಉಂಟು. ಕೆಮ್ಮಿನ ಸಂಗತಿಯನ್ನು ಹೊಟ್ಟೆಯ ಡಾಕ್ಟರಿಗೂ ಹೇಳಬೇಕು, ಅವರು ಕೇಳದಿದ್ದರೂ.