ಮುಟ್ಟದೆ ಬಿಸಿ ಅಳೆಯುವ ಎಳೆ

ಗಾಯಕ್ಕೆ ದಾರದ ಹೊಲಿಗೆಯ ಬದಲು ಲೇಸರ್ ಬೆಸುಗೆ ಹಾಕಬಹುದು. ಗಾಯದ ಅಂಚುಗಳನ್ನು ಜೋಡಿಸಿ, ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣ ಸವರಿ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿದರೆ ಅವು ಕೂಡಿಕೊಳ್ಳುತ್ತವೆ. ಕಷ್ಟವಿರುವುದು ಹದದಲ್ಲಿ. ಬಿಸಿ ಸಾಲದಿದ್ದರೆ ಗಾಯ ಕೂಡದು, ಮೀರಿದರೆ ಚರ್ಮ ಸುಟ್ಟುಹೋಗುತ್ತದೆ.

ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಅಬ್ರಹಾಂ ಕಟ್ಝಿರ್ ಮತ್ತು ಸಂಗಡಿಗರು ಈ ಹದ ಕಾಯುವ ಕೆಲಸವನ್ನು ಬೆಳಕು ಸಾಗಿಸುವ ಎಳೆಗೇ, ಅಂದರೆ ಆಪ್ಟಿಕಲ್ ಫೈಬರಿಗೇ ಒಪ್ಪಿಸಿದರು. ಒಂದು ಎಳೆ ಲೇಸರನ್ನು ಗಾಯದವರೆಗೆ ತರುತ್ತದೆ. ಇನ್ನೊಂದು, ಗಾಯವನ್ನು ಮುಟ್ಟದೆಯೇ, ಅಲ್ಲಿಂದ ಹೊಮ್ಮುವ ಅವಕೆಂಪು ಕಿರಣಗಳನ್ನು ಹಿಡಿದು ಸಂವೇದಕಕ್ಕೆ ಒಯ್ಯುತ್ತದೆ. ಬಿಸಿ ಏರಿತೆಂದರೆ ಯಂತ್ರವೇ ಲೇಸರಿನ ಬಲ ತಗ್ಗಿಸುತ್ತದೆ.

ಅವಕೆಂಪು ಕಿರಣಗಳನ್ನು ಖಗೋಳವಿಜ್ಞಾನಿ ವಿಲಿಯಂ ಹರ್ಷಲ್ ಗುರುತಿಸಿದ್ದು 1800ರಲ್ಲಿ. ಕಲ್ಲು, ಮರ, ಮನುಷ್ಯ ಎಲ್ಲವೂ ಇವನ್ನು ಸದಾ ಸೂಸುತ್ತಿರುತ್ತವೆ. ವಸ್ತು ಬಿಸಿಯಾದಷ್ಟೂ ಕಿರಣ ಪ್ರಬಲವಾಗುತ್ತದೆ, ಅದರ ತರಂಗಾಂತರ ಕಿರಿದಾಗುತ್ತದೆ. 1500 ಡಿಗ್ರಿಯ ಉಕ್ಕಿನ ವಿಕಿರಣ ಅತಿ ಪ್ರಬಲವಾಗಿರುವುದು ಸುಮಾರು 1.6 ಮೈಕ್ರೊಮೀಟರಿನಲ್ಲಿ, 37 ಡಿಗ್ರಿಯ ಮೈಯದು 9.3ರ ಆಸುಪಾಸಿನಲ್ಲಿ.

ಇಡೀ ವಿಷಯದ ಗುಟ್ಟು ಈ ಎರಡು ಅಂಕಿಗಳಲ್ಲಿದೆ. ನಮ್ಮ ಮನೆಗಳಿಗೆ ಇಂಟರ್‌ನೆಟ್ ತರುವ ಸಿಲಿಕಾ ಗಾಜಿನ ಎಳೆ ಸುಮಾರು 2 ಮೈಕ್ರೊಮೀಟರಿನಾಚೆಯ ಕಿರಣಗಳನ್ನು ತಾನೇ ಹೀರಿಬಿಡುತ್ತದೆ. ಕುಲುಮೆಯ ಬಿಸಿ ಅಳೆಯಲು ಅದು ಸಾಕು. ಮೈಬಿಸಿಗೆ ಅದು ಕುರುಡು.

ಹೀಗಾಗಿ ಬೇರೆ ವಸ್ತುಗಳ ಹುಡುಕಾಟ ನಡೆಯಿತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ, ಫೈಬರ್ ಆಪ್ಟಿಕ್ಸ್ ಕ್ಷೇತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ನರೀಂದರ್ ಸಿಂಗ್ ಕಪಾನಿ 1960ರ ದಶಕದಲ್ಲೇ ಆರ್ಸೆನಿಕ್ ಮತ್ತು ಗಂಧಕ ಬೆರೆತ ಗಾಜಿನ ಎಳೆಗಳ ಮೇಲೆ ಕೆಲಸ ಮಾಡಿದ್ದರು.

ಕಟ್ಝಿರ್ ತಂಡ ಬಳಸಿದ್ದು ಬೆಳ್ಳಿಯ ಕ್ಲೋರೈಡ್ ಮತ್ತು ಬ್ರೋಮೈಡ್ ಬೆರೆಸಿದ ಹರಳನ್ನು. ಗಾಜಿನಂತೆ ಕರಗಿಸಿ ಎಳೆಯುವ ಬದಲು ಇದನ್ನು ಬಿಸಿ ಮಾಡಿ, ಶಾವಿಗೆ ಒತ್ತಿದಂತೆ ಸಣ್ಣ ರಂಧ್ರದ ಮೂಲಕ ಒತ್ತಿ ತೆಗೆಯುತ್ತಾರೆ. ಎಳೆ ಬಾಗುತ್ತದೆ, ವಿಷಕಾರಿಯಲ್ಲ. ಮೈಬಿಸಿಯ ಕಿರಣವನ್ನಷ್ಟೇ ಅಲ್ಲ, ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರೊಮೀಟರ್ ಕಿರಣವನ್ನೂ ಸಾಗಿಸಬಲ್ಲದು. ಒಂದೇ ಬಗೆಯ ಎಳೆ ಕಾಯಿಸಲೂ ಅಳೆಯಲೂ ಒದಗಿದ್ದು ಹೀಗೆ. ಆದರೆ ಹಳೆಯ ಫೋಟೊ ಫಿಲ್ಮಿನಲ್ಲಿದ್ದದ್ದೂ ಇದೇ ಬಗೆಯ ಬೆಳ್ಳಿಯ ಲವಣ. ಬೆಳಕು ತಾಗಿದರೆ ಎಳೆ ಕಪ್ಪಾಗುತ್ತದೆ, ಆದ್ದರಿಂದ ಹೊದಿಕೆಯೊಳಗೇ ಇರಬೇಕು.

ಇನ್ನೊಂದು ತೊಡಕು ಅಳೆಯುವ ವಸ್ತುವಿನದು. ಚರ್ಮ ತನ್ನ ಬಿಸಿಗೆ ತಕ್ಕಷ್ಟು ಕಿರಣವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಸೂಸುತ್ತದೆ. ಹೊಳೆಯುವ ಅಲ್ಯೂಮಿನಿಯಂ ತೀರಾ ಕಡಿಮೆ ಸೂಸಿ, ಇರುವುದಕ್ಕಿಂತ ತಣ್ಣಗಿರುವಂತೆ ತೋರಿಸುತ್ತದೆ. ಎರಡು ತರಂಗಾಂತರಗಳಲ್ಲಿ ಅಳೆದು ಹೋಲಿಸಿದರೆ ಈ ತಪ್ಪು ಬಹುಮಟ್ಟಿಗೆ ತಗ್ಗುತ್ತದೆ.

ಎದುರಿಗೇ ಕಾಣುವ ವಸ್ತುವಿಗೆ ಕೈಯಲ್ಲಿ ಹಿಡಿಯುವ ಅವಕೆಂಪು ಥರ್ಮಾಮೀಟರ್ ಸಾಕು. ಯಂತ್ರದ ಒಳಮೂಲೆ, ದೇಹದ ಒಳಭಾಗ, ಲೋಹದ ತಂತಿಯಿಂದ ಬಿಸಿ ಅಳೆಯುವುದನ್ನು ಕೆಡಿಸುವ ಮೈಕ್ರೊವೇವ್ ಕ್ಷೇತ್ರ, ಇಂಥ ಕಡೆ ಈ ಎಳೆಯೇ ಸೂಕ್ತ ಸಾಧನ.